ಸಿಯಾಟಲ್‌ನ ಏಳು ಮಂದಿ

ಮೂತ್ರಪಿಂಡ ಪೂರ್ತಿ ಕೈಕೊಟ್ಟವರಿಗೆ 1960ಕ್ಕೆ ಮೊದಲು ಡಯಾಲಿಸಿಸ್ ಯಂತ್ರವಿದ್ದೂ ಹೆಚ್ಚು ಪ್ರಯೋಜನವಿರಲಿಲ್ಲ. ಪ್ರತಿ ಸಲ ಹೊಸದಾಗಿ ರಕ್ತನಾಳ ಕೊಯ್ದು ಕೊಳವೆ ತೂರಿಸಬೇಕು. ಸ್ವಲ್ಪ ದಿನಕ್ಕೇ ಕೊಯ್ಯಲು ಜಾಗ ಉಳಿಯುತ್ತಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಸಿಯಾಟಲ್‌ನ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರ ತಂಡ ತೋಳಿನ ಧಮನಿಗೂ ಅಭಿಧಮನಿಗೂ ಟೆಫ್ಲಾನ್ ಕೊಳವೆ ಜೋಡಿಸಿ ಅಲ್ಲೇ ಬಿಟ್ಟಿತು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಮತ್ತೆ ಹನ್ನೊಂದು ವರ್ಷ ಬದುಕಿದರು.

ತೊಂದರೆ ಶುರುವಾದದ್ದು ಈ ಯಶಸ್ಸಿನಿಂದಲೇ. 1962ರಲ್ಲಿ ತೆರೆದ ಕೇಂದ್ರದಲ್ಲಿ ಹಾಸಿಗೆಗಳು ಬೆರಳೆಣಿಕೆಯಷ್ಟು. ವೈದ್ಯರು ಮೊದಲು ಜರಡಿ ಹಿಡಿಯುತ್ತಿದ್ದರು. ಮಕ್ಕಳಿಗೂ ನಲವತ್ತೈದು ದಾಟಿದವರಿಗೂ ಪ್ರವೇಶವಿರಲಿಲ್ಲ. ಉಳಿದವರಲ್ಲಿ ಯಾರೆಂದು ತೀರ್ಮಾನಿಸಲು ಏಳು ಜನರ ಸಮಿತಿ: ವಕೀಲ, ಪಾದ್ರಿ, ಬ್ಯಾಂಕರ್, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ನಾಯಕ, ಶಸ್ತ್ರವೈದ್ಯ. ಹೆಸರುಗಳು ಗುಟ್ಟು, ಸಂಬಳವಿಲ್ಲ. ಮದುವೆಯಾಗಿದೆಯೇ, ಮಕ್ಕಳೆಷ್ಟು, ಓದು, ಉದ್ಯೋಗ, ಆದಾಯ, ಚರ್ಚಿಗೆ ಹೋಗುತ್ತಾರೆಯೇ ಎಂಬುದೆಲ್ಲ ಚರ್ಚೆಗೆ ಬರುತ್ತಿತ್ತು. 1962ರ ನವೆಂಬರ್‌ನಲ್ಲಿ ಶಾನಾ ಅಲೆಕ್ಸಾಂಡರ್ 'ಲೈಫ್' ಪತ್ರಿಕೆಯಲ್ಲಿ ಇದನ್ನು ಬರೆದಾಗ ದೇಶವೇ ಬೆಚ್ಚಿತು. ಆ ಏಳು ಮಂದಿ ಕೆಟ್ಟವರೇನಲ್ಲ. ತಮ್ಮಂಥವರ ಬದುಕು ಅವರಿಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು, ಅಷ್ಟೆ. ಇದಕ್ಕಿಂತ ಚೀಟಿ ಎತ್ತುವುದೇ ನ್ಯಾಯವೆಂದು 1970ರಲ್ಲಿ ಜೇಮ್ಸ್ ಚೈಲ್ಡ್ರೆಸ್ ವಾದಿಸಿದರು. 1972ರಲ್ಲಿ ಕಾಂಗ್ರೆಸ್ ಡಯಾಲಿಸಿಸ್ ಖರ್ಚನ್ನು ಮೆಡಿಕೇರ್‌ಗೆ ಸೇರಿಸಿತು. ಇಲ್ಲಿ ಆ ಪ್ರಶ್ನೆ ಉತ್ತರ ಸಿಗುವ ಮೊದಲೇ ಬದಿಗೆ ಸರಿಯಿತು.

ಆ ಹಳೆಯ ಲೇಖನ ನಾನು ಓದಿದ್ದು ಅಮೆರಿಕಕ್ಕೆ ಬಂದ ಮೇಲೆ. ಓದುತ್ತ ಕೋಪ ಬಂತು. ಆಮೇಲೆ ಎಂಬತ್ತರ ದಶಕದ ನಮ್ಮ ವಾರ್ಡ್ ನೆನಪಾಯಿತು.

ಕರ್ನಾಟಕದ ಆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಯಂತ್ರ ಒಂದೇ. ಕೊಳಕುಮಂಡಲ ಕಚ್ಚಿ ಮೂತ್ರ ನಿಂತ ಕೂಲಿಯಾಳು ಬಂದರೆ ಅವನಿಗೇ ಮೊದಲು. ಕೆಲವು ವಾರ ದಾಟಿಸಿದರೆ ಅವನ ಮೂತ್ರಪಿಂಡ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಈ ಲೆಕ್ಕ ವೈದ್ಯಕೀಯದ್ದು, ಇಂದಿಗೂ ಅದನ್ನು ಸಮರ್ಥಿಸುತ್ತೇನೆ.

ಆದರೆ ಜೀವನಪೂರ್ತಿ ಡಯಾಲಿಸಿಸ್ ಬೇಕಾದವರ ವಿಷಯದಲ್ಲಿ ನಾವು ಕೇಳುತ್ತಿದ್ದದ್ದೇ ಬೇರೆ: ಮನೆಯಲ್ಲಿ ದುಡಿಯುವವರು ಯಾರು? ವಾರಕ್ಕೆರಡು ಸಲ ಕರೆತರುವವರು ಯಾರು? ಗಂಡ ಬಿಟ್ಟುಹೋಗಿದ್ದ, ಮೂವತ್ತೂ ದಾಟದ ಹೆಂಗಸೊಬ್ಬಳ ಕೇಸ್ ಶೀಟಿನಲ್ಲಿ 'ಕುಟುಂಬದ ಆಸರೆ ಸಾಲದು' ಎಂದು ಬರೆದವನು ನಾನೇ. ಯಾವ ಸಮಿತಿಯೂ ಸೇರಲಿಲ್ಲ, ಯಾವ ಪತ್ರಿಕೆಯೂ ಬರೆಯಲಿಲ್ಲ. ಮೇಲಿನವರು ಓದಿ ಸಹಿ ಹಾಕಿದರು. ಆಕೆಯ ತಾಯಿ ನನಗೆ ಕೈಮುಗಿದು, ಮಗಳನ್ನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದಳು.