‘ಇಂದ’ದ ಜಾಗದಲ್ಲಿ ಯಾರ ಹೆಸರು?

ಶಾಲೆಯಲ್ಲಿ ಪತ್ರ ಬರೆಯೋದನ್ನು ಕಲಿಸುವಾಗ ಮೊದಲು ‘ಇಂದ’ ಅಂತ ಬರೆಸಿ ನಮ್ಮ ಹೆಸರು, ವಿಳಾಸ ಹಾಕಿಸುತ್ತಿದ್ದರು, ನೆನಪಿದೆಯಾ? ಮಿಂಚಂಚೆಯಲ್ಲೂ ಆ ಜಾಗ ಇದೆ. ಬಹಳ ವರ್ಷ ಅಲ್ಲಿ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದಿತ್ತು. ಆ ಸಲಿಗೆ ಹೇಗೆ ಹೋಯಿತು, ಹೋದಾಗ ಪೆಟ್ಟು ತಿಂದವರು ಯಾರು ಅನ್ನೋದು ಇವತ್ತಿನ ಕತೆ. ಕೆಲಸದಲ್ಲಿ ದಿನವೂ ಈ ‘ಇಂದ’ದ ಜೊತೆ ಗುದ್ದಾಡುವವನು ನಾನು, ಸ್ವಲ್ಪ ಕೊರೆತ ಅನಿಸಿದರೆ ಸಹಿಸಿಕೊಳ್ಳಿ :)

ಮೊದಲ ಜಾಹೀರಾತು ಮಿಂಚಂಚೆ ಅಂತ ಎಲ್ಲರೂ ಹೇಳುವುದು 1978ರ ಮೇ ತಿಂಗಳಿನದನ್ನು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥರ್ಕ್, ತಮ್ಮ ಹೊಸ ಗಣಕಗಳನ್ನು ನೋಡಲು ಬನ್ನಿ ಅಂತ ಅರ್ಪಾನೆಟ್ಟಿನ ಸುಮಾರು 400 ಜನಕ್ಕೆ ಒಂದೇ ಓಲೆ ಕಳಿಸಿದರು. ವಿಳಾಸಗಳ ಪಟ್ಟಿ ಎಷ್ಟು ಉದ್ದ ಆಯಿತೆಂದರೆ, ತಲೆಭಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಇಳಿದುಬಿಟ್ಟಿತ್ತು. ಆದರೆ ‘ಇಂದ’ದಲ್ಲಿ ಇದ್ದದ್ದು ಅವರದೇ ಹೆಸರು. ಹಾಗಾಗಿ ಬೈಗುಳವೂ ಸರಿಯಾದ ವಿಳಾಸಕ್ಕೇ ಹೋಯಿತು.

1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಗಳನ್ನು ಬರೆದರು. ಮಿಂಚಂಚೆ ಇವತ್ತಿಗೂ ಓಡುತ್ತಿರುವುದು ಅದರ ಮೇಲೇ. ಇದರಲ್ಲೊಂದು ಸೂಕ್ಷ್ಮ ಇದೆ: ‘ಇಂದ’ ಒಂದಲ್ಲ, ಎರಡು. ಒಂದು ಲಕೋಟೆಯ ಮೇಲಿನದು, ಓಲೆ ತಲುಪದಿದ್ದರೆ ವಾಪಸ್ ಬರಬೇಕಾದ ವಿಳಾಸ. ಇನ್ನೊಂದು ಒಳಗಿನ ಕಾಗದದ್ದು, ಓದುವವರ ಕಣ್ಣಿಗೆ ಬೀಳುವಂಥದ್ದು. ಎರಡನ್ನೂ ಯಾರೂ ಪರೀಕ್ಷಿಸುತ್ತಿರಲಿಲ್ಲ. ಪರಿಚಯದವರೇ ತುಂಬಿದ್ದ ಜಾಲದಲ್ಲಿ ಅದರ ಅಗತ್ಯವೂ ಕಂಡಿರಲಿಲ್ಲ ಬಿಡಿ.

ತೊಂಬತ್ತರ ದಶಕದಲ್ಲಿ ಸಂತೆ ಶುರುವಾಯಿತು. 1997ರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ತನ್ನ ಜಾಹೀರಾತಿಗೆ ‘ಫ್ಲವರ್ಸ್ ಡಾಟ್ ಕಾಮ್’ನ ವಿಳಾಸ ಹಾಕಿ ಕಳಿಸಿದ. ತಲುಪದ ಸಾವಿರಾರು ಓಲೆಗಳು ವಾಪಸ್ ಬಂದು ಬಿದ್ದದ್ದು ಆ ಹೆಸರಿನ ನಿಜವಾದ ಒಡತಿಯ ಮೇಲೆ. ಪ್ರಕರಣ ಟೆಕ್ಸಸ್‌ನ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷ ನವೆಂಬರ್‌ನಲ್ಲಿ ಆಕೆಯ ಪರ ತೀರ್ಪು ಬಂತು. ಆದರೆ ಪ್ರತಿ ಕಳ್ಳನ ಹಿಂದೆ ಕೋರ್ಟಿಗೆ ಅಲೆಯೋಕಾಗುತ್ತದೆಯೇ?

ಹಾಗಾಗಿ ಇಂಜಿನಿಯರುಗಳು ಬೀಗ ಮಾಡಲು ಕೂತರು. ಮೊದಲು ಬಂದದ್ದು ಎಸ್‌ಪಿಎಫ್: ನನ್ನ ಡೊಮೈನ್ ಹೆಸರಲ್ಲಿ ಈ ಈ ಗಣಕಗಳು ಮಾತ್ರ ಓಲೆ ಕಳಿಸಬಹುದು ಅಂತ ಡಿಎನ್‌ಎಸ್‌ನಲ್ಲಿ ಬೋರ್ಡು ಹಾಕುವುದು. 2007ರಲ್ಲಿ ಡಿಕಿಮ್ ಎಂಬ ಅಂಕಿತ ಪದ್ಧತಿ ಅಧಿಕೃತವಾಯಿತು, ಅಂದರೆ ಓಲೆಗೆ ಡೊಮೈನ್‌ನ ಮೊಹರು. ತಮಾಷೆ ಏನು ಗೊತ್ತಾ? ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಡಿಕಿಮ್‌ಗೆ ಮೊಹರು ಯಾರದ್ದಾದರೂ ಸರಿ. ಓದುವವರು ನೋಡುವ ‘ಇಂದ’ಕ್ಕೂ ಇವಕ್ಕೂ ತಾಳೆ ಆಗಬೇಕೆಂಬ ನಿಯಮ ಇರಲೇ ಇಲ್ಲ! ಆ ತಾಳೆ ನೋಡುವ ಪದ್ಧತಿಯೇ 2012ರಲ್ಲಿ ಪ್ರಕಟವಾದ ಡಿಮಾರ್ಕ್. ತಾಳೆ ಆಗದಿದ್ದರೆ ಬಿಡಬೇಕೋ, ಸ್ಪ್ಯಾಮ್‌ಗೆ ಹಾಕಬೇಕೋ, ತಿರಸ್ಕರಿಸಬೇಕೋ ಅಂತ ಡೊಮೈನಿನ ಯಜಮಾನರೇ ಹೇಳಬಹುದು.

ಈಗ 2014ರ ಏಪ್ರಿಲ್‌ಗೆ ಬನ್ನಿ. ಗೆಳೆಯರ ಯಾಹೂ ವಿಳಾಸದಿಂದಲೇ ಬಂದಂತೆ ಕಾಣುವ ಕಳ್ಳ ಓಲೆಗಳ ಹಾವಳಿ ಅತಿಯಾಗಿತ್ತು. ಯಾಹೂ ತನ್ನ ಡೊಮೈನ್‌ಗೆ ‘ತಿರಸ್ಕರಿಸಿ’ ಎಂದು ಬರೆದುಬಿಟ್ಟಿತು. ಅದೇ ತಿಂಗಳು ಎಒಎಲ್ ಕೂಡ. ಕಳ್ಳರಿಗೆ ಏಟು ಬಿತ್ತು ನಿಜ. ಆದರೆ ಜೊತೆಯಲ್ಲೇ ಏಟು ತಿಂದವರು ಸಣ್ಣ ಅಂಗಡಿಯವರು, ಸಂಘ ಸಂಸ್ಥೆಯವರು. ಇವರು ತಮ್ಮ ಯಾಹೂ ವಿಳಾಸವನ್ನೇ ‘ಇಂದ’ದಲ್ಲಿ ಹಾಕಿ, ಬೃಹತ್ ಓಲೆ ಕಳಿಸುವ ಸೇವೆಗಳ ಮೂಲಕ ತಮ್ಮದೇ ಗಿರಾಕಿಗಳಿಗೆ ಬರೆಯುತ್ತಿದ್ದರು. ಲಕೋಟೆ ಆ ಸೇವೆಯದು, ಮೊಹರು ಆ ಸೇವೆಯದು, ಹೆಸರು ಮಾತ್ರ ಯಾಹೂದು. ತಾಳೆ ಎಲ್ಲಿ ಆಗಬೇಕು? ಜಿಮೇಲ್, ಹಾಟ್‌ಮೇಲ್ ಎಲ್ಲ ಕಡೆಯಿಂದ ಓಲೆಗಳು ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್. ಸುಳ್ಳು ಹೇಳಿರಲಿಲ್ಲ, ಕದ್ದಿರಲಿಲ್ಲ; ವಿಳಾಸ ಅವರದೇ. ಆದರೂ ವ್ಯವಸ್ಥೆಯ ಕಣ್ಣಿಗೆ ಅವರೂ ಕಳ್ಳರೂ ಒಂದೇ. ಯಾಹೂ ಮಾಡಿದ್ದು ತಪ್ಪು ಎನ್ನಲಾರೆ, ಮಾಡಿದ ರೀತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ಮನೆಯ ವಿಳಾಸದಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ ಮಾಲೀಕ ನೋಟೀಸೂ ಕೊಡದೆ ಬೋರ್ಡು ಕಿತ್ತ ಹಾಗಾಯಿತು.

ಅಲ್ಲಿಂದ ಮುಂದೆ ಸ್ವಂತ ಡೊಮೈನ್ ಇಲ್ಲದೆ ಜಾಹೀರಾತು ಕಳಿಸುವುದು ಕಷ್ಟವಾಯಿತು. ಡೊಮೈನ್‌ಗೆ ದುಡ್ಡು ಹೆಚ್ಚೇನಲ್ಲ. ಆದರೆ ಡಿಎನ್‌ಎಸ್‌ನಲ್ಲಿ ಮೂರು ಸಾಲು ಸರಿಯಾಗಿ ಬರೆಯಲು ನಮ್ಮಂಥವರೇ ತಿಣುಕುತ್ತೇವೆ, ಹೂವಿನಂಗಡಿಯವರು ಏನು ಮಾಡಬೇಕು? ದೊಡ್ಡ ಕಂಪನಿಗಳು ಜಾಣತನದಿಂದ ಜಾಹೀರಾತಿಗೊಂದು, ಬಿಲ್ಲು-ಓಟಿಪಿಗೊಂದು ಉಪಡೊಮೈನ್ ಮಾಡಿಕೊಂಡವು. ಒಂದರ ಹೆಸರು ಕೆಟ್ಟರೂ ಇನ್ನೊಂದು ಆದಷ್ಟು ಉಳಿಯಲಿ ಅಂತ. (ಈ ‘ನೋ-ರಿಪ್ಲೈ’ ವಿಳಾಸ ಕಂಡರೆ ಮಾತ್ರ ನನಗಾಗದು. ಉತ್ತರ ಬರೆಯಬೇಡ ಎಂದರೆ ಸಿಟ್ಟು ಬಂದ ಗಿರಾಕಿ ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾನೆ ಅಷ್ಟೆ.)

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನೆಲ್ಲ ಕಡ್ಡಾಯ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5000ಕ್ಕೂ ಹೆಚ್ಚು ಓಲೆ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಕೂಡದು. ಈ ಬಾರಿ ಹಿಂದಿನ ಅಕ್ಟೋಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದ್ದರು, ಪುಣ್ಯ.

ಇಷ್ಟೆಲ್ಲ ಕಾವಲು ಇರುವುದು ವಿಳಾಸಕ್ಕೆ. ಮೊಬೈಲಿನಲ್ಲಿ ಓಲೆಗಳ ಪಟ್ಟಿ ತೆರೆದು ನೋಡಿ, ಕಾಣುವುದು ವಿಳಾಸ ಅಲ್ಲ, ಅದರ ಪಕ್ಕ ಕಳಿಸುವವರೇ ಬರೆದುಕೊಳ್ಳುವ ಹೆಸರು. ಅಲ್ಲಿ ‘ನಿಮ್ಮ ಬ್ಯಾಂಕ್’ ಅಂತ ಬರೆದರೆ ಈ ಮೂರು ಪದ್ಧತಿಗಳಲ್ಲಿ ಒಂದೂ ಕೇಳುವುದಿಲ್ಲ.