ಪಡಸಾಲೆಯಿಂದ ಚಿತ್ರಶಾಲೆಗೆ: ಕಲಬುರಗಿ ಸೀಮೆಯಲ್ಲಿ ಕಲಾವಿದರ ಮನೆಗೋಣೆಯ ಚರಿತ್ರೆ

ಕಲಬುರಗಿ ಸೀಮೆಯಲ್ಲಿ ಚಿತ್ರ ಬರೆಯುವುದಕ್ಕೆಂದೇ ಕಟ್ಟಿಸಿದ ಕೋಣೆ ಈಚಿನ ಕಾಲದ್ದು. ಅದಕ್ಕೂ ಹಿಂದೆ ಚಿತ್ರಗಾರನ ಕೆಲಸ ಗುಡಿಯ ಗೋಡೆಯ ಮುಂದೆ, ಒಡೆಯರ ವಾಡೆಯಲ್ಲಿ ಅಥವಾ ತನ್ನದೇ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಪಡಸಾಲೆಯೆಂದರೆ ಹೊರಬಾಗಿಲು ದಾಟಿದೊಡನೆ ಸಿಗುವ ಮುಂಭಾಗದ ಹಜಾರ. ಬಂದವರನ್ನು ಕೂಡಿಸುವುದು, ಕಾಳು ಹಸನು ಮಾಡುವುದು, ಲೆಕ್ಕ ಬರೆಯುವುದು ಎಲ್ಲವೂ ಅಲ್ಲಿಯೇ. ಆದ್ದರಿಂದ ಇಲ್ಲಿನ ಕಲಾವಿದರ ಮನೆಗೋಣೆಯ ಚರಿತ್ರೆಯು ಬಣ್ಣ ಕುಂಚಗಳ ಚರಿತ್ರೆಯಾಗಿರುವಷ್ಟೇ ಪೆಟ್ಟಿಗೆ, ಮಣೆ, ಮೇಜು, ಕಪಾಟುಗಳ ಚರಿತ್ರೆಯೂ ಆಗಿದೆ, ಮತ್ತು ಆ ಸಾಮಾನುಗಳಲ್ಲಿ ಬಹುಪಾಲು ಮೊದಲು ಬೇರೆ ಕಸುಬಿನವರಿಗಾಗಿ ಮಾಡಿದವು. ‘ವಿಂಟೇಜ್’ ಎಂಬ ಹೆಸರಿನಲ್ಲಿ ಹಳೆಯ ಮರದ ಸಾಮಾನು ತಂದು ಸ್ಟುಡಿಯೊ ಸಜ್ಜುಗೊಳಿಸುವ ಇಂದಿನ ರೂಢಿ ಹೊಸದಾಗಿ ಕಂಡರೂ, ಒಂದು ಕಸುಬಿನ ಸಾಮಾನನ್ನು ಇನ್ನೊಂದು ಕಸುಬಿಗೆ ಹಚ್ಚುವುದು ಈ ಸೀಮೆಯ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯೇ.

ಮೊದಲು ಮನೆಯನ್ನೇ ನೋಡಬೇಕು, ಏಕೆಂದರೆ ಹಳೆಯ ಮನೆಯಲ್ಲಿ ಗೋಡೆಯೂ ಒಂದು ಪೀಠೋಪಕರಣವಾಗಿತ್ತು. ದೇಶಮುಖ, ಪಾಟೀಲರ ಕೋಟೆಯಂಥ ದೊಡ್ಡ ಮನೆಗೆ ಇಲ್ಲಿ ವಾಡೆ ಎನ್ನುತ್ತಾರೆ. ವಾಡೆಯಾಗಲಿ, ಸಾಮಾನ್ಯರ ಮನೆಯಾಗಲಿ, ಅದರ ಅಳತೆ ಅಂಕಣಗಳಲ್ಲಿ, ಎಂದರೆ ಎರಡು ತೊಲೆಗಳ ನಡುವಿನ ಜಾಗದ ಲೆಕ್ಕದಲ್ಲಿ ನಡೆಯುತ್ತಿತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು ಹಾಕಿ ಬಡಿದು ಸಮಮಾಡಿದ ಚಾವಣಿಗೆ ಮಾಳಿಗೆ ಎಂದು ಹೆಸರು, ಆ ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ಕಿಂಡಿಗೆ ಬೆಳಕಿಂಡಿ ಎಂದು ಹೆಸರು. ಗೋಡೆಗಳು ದಪ್ಪವಾಗಿದ್ದುದರಿಂದ ಅವುಗಳಲ್ಲಿ ಮಾಡಗಳನ್ನು, ಎಂದರೆ ಗೋಡೆಯೊಳಗೇ ತೆಗೆದ ಗೂಡುಗಳನ್ನು, ಬಿಡುವುದಕ್ಕೆ ಅನುಕೂಲವಿತ್ತು. ದೀಪ, ದೇವರು, ಪುಸ್ತಕ, ಔಷಧದ ಡಬ್ಬಿ ಎಲ್ಲಕ್ಕೂ ಮಾಡವೇ ಆಸರೆಯಾಗಿದ್ದ ಕಾಲದಲ್ಲಿ ನೆಲದ ಮೇಲೆ ನಿಲ್ಲುವ ಕಪಾಟಿನ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಗೋಡೆಗೆ ಹೊಡೆದ ಮರದ ಗೂಟಗಳು ಬಟ್ಟೆಯನ್ನೂ ಚೀಲವನ್ನೂ ಹೊತ್ತವು. ನೆಲಕ್ಕೆ ಹಾಸಿದ್ದು ಶಹಾಬಾದಿನ ಫರಸಿ. ಭೀಮಾ ಕೊಳ್ಳದ ಈ ಸುಣ್ಣಗಲ್ಲು ಪದರ ಪದರವಾಗಿ ಸೀಳಿಕೊಳ್ಳುವುದರಿಂದ ಹೆಚ್ಚಿನ ಕೆತ್ತನೆಯಿಲ್ಲದೆ ಚಪ್ಪಡಿಯಾಗುತ್ತದೆ, ಅದೇ ಚಪ್ಪಡಿಯನ್ನು ಗೋಡೆಯಲ್ಲಿ ಸಿಕ್ಕಿಸಿದರೆ ಗೆದ್ದಲು ಮುಟ್ಟದ ಹಲಗೆಯೂ ಆಗುತ್ತದೆ. ಎಣ್ಣೆ ಬಣ್ಣ ಕಲಸುವುದಕ್ಕೆ, ಚೆಲ್ಲಿದ್ದನ್ನು ಒರೆಸುವುದಕ್ಕೆ, ಬೇಸಿಗೆಯಲ್ಲಿ ಕಾಲಿಗೆ ತಂಪಾಗಿರುವುದಕ್ಕೆ ಇದಕ್ಕಿಂತ ತಕ್ಕ ನೆಲ ಇಂದಿಗೂ ಸಿಕ್ಕಿಲ್ಲವೆಂದೇ ಹೇಳಬೇಕು.

ಬೆಳಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಈಗ ರೂಢಿಯಲ್ಲಿದೆ. ಕಲಾವಿದನ ಕೋಣೆಗೆ ಉತ್ತರದ ಕಿಟಕಿ ಬೇಕು, ಅಲ್ಲಿಂದ ಬರುವ ಬೆಳಕು ದಿನವಿಡೀ ಒಂದೇ ಸಮನಾಗಿರುತ್ತದೆ ಎಂಬ ಸೂತ್ರವು ಯುರೋಪಿನ ಚಿತ್ರಶಾಲೆಗಳಿಂದ ಪುಸ್ತಕಗಳ ಮೂಲಕ ಬಂದದ್ದು. ಆ ಅಕ್ಷಾಂಶಗಳಲ್ಲಿ ನಡುಹಗಲಿನ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲವಾದ್ದರಿಂದ ಅಲ್ಲಿಗೆ ಅದು ಸರಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಹೀಗಾಗಿ ಮಳೆಮೋಡ ಕವಿಯುವ ಮೊದಲಿನ ಅತ್ಯಂತ ಕಡುಬಿಸಿಲಿನ ದಿನಗಳಲ್ಲಿಯೇ ಉತ್ತರದ ಕಿಟಕಿಯಿಂದ ನೇರ ಬಿಸಿಲು ಒಳಗೆ ಬರುತ್ತದೆ. ಪಡಸಾಲೆಯ ಕಂಬಗಳ ಹಿಂದಿನ ನೆರಳು ಮತ್ತು ಅಂಗಳದ ಎದುರು ಗೋಡೆಯ ಸುಣ್ಣದಿಂದ ಹೊಮ್ಮಿ ಬರುವ ಬೆಳಕು ಈ ಸಮಸ್ಯೆಯನ್ನು ಸೂತ್ರದ ಸಹಾಯವಿಲ್ಲದೆ ಬಗೆಹರಿಸಿದ್ದವು. ಹಳೆಯ ಮನೆಯಲ್ಲಿ ಚಿತ್ರಕ್ಕೆ ಒದಗಿದ ಜಾಗ ಒಳಕೋಣೆಯಾಗದೆ ಪಡಸಾಲೆಯಾದುದಕ್ಕೆ ಇದೂ ಒಂದು ಕಾರಣ.

ಇಂಥ ಮನೆಯಲ್ಲಿ ಕೆಲಸವೆಲ್ಲ ನೆಲದ ಮೇಲೆ ಕುಳಿತೇ ನಡೆಯುತ್ತಿದ್ದುದರಿಂದ ಸಾಮಾನುಗಳ ಎತ್ತರವೂ ಅದಕ್ಕೆ ತಕ್ಕುದಾಗಿತ್ತು. ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಮುನೀಮನ ಪೆಟ್ಟಿಗೆ. ಮುನೀಮನೆಂದರೆ ಪೇಟೆಯ ಅಂಗಡಿಯಲ್ಲಿ ಕಿರ್ದಿ ಖಾತೆ ಬರೆಯುವ ಗುಮಾಸ್ತ. ಅವನು ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತು, ಒಂದು ಒಂದೂವರೆ ಅಡಿ ಎತ್ತರದ, ಓರೆ ಮುಚ್ಚಳದ ಪೆಟ್ಟಿಗೆಯ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದನು. ಮುಚ್ಚಳ ಎತ್ತಿದರೆ ಒಳಗೆ ಕಾಗದಕ್ಕೊಂದು, ಲೆಕ್ಕಣಿಕೆಗೊಂದು, ಮಸಿಕುಡಿಕೆಗೊಂದು, ಚಿಲ್ಲರೆ ನಾಣ್ಯಕ್ಕೊಂದು ಮನೆ. ಕಾಗದದ ಮೇಲೆ ಸಣ್ಣ ಚಿತ್ರ ಬರೆಯುವವನಿಗೆ ಬೇಕಾದದ್ದು ಹೆಚ್ಚು ಕಡಿಮೆ ಇದೇ: ಕಣ್ಣಿಗೆ ಹತ್ತಿರವಾಗುವ ಓರೆ ಹಲಗೆ, ಕೈಯಳತೆಯಲ್ಲಿ ಕುಂಚ ಬಣ್ಣಗಳು, ಕೆಲಸ ಮುಗಿದ ಮೇಲೆ ಮಕ್ಕಳ ಕೈಗೆ ಸಿಗದಂತೆ ಹಾಕುವ ಒಂದು ಬೀಗ. ಪತ್ತಾರರ, ಎಂದರೆ ಅಕ್ಕಸಾಲಿಗರ, ಸಣ್ಣ ಖಾನೆಗಳ ಪೆಟ್ಟಿಗೆಯೂ ಇದೇ ಬಗೆಯ ತಿಳಿವಳಿಕೆಯಿಂದ ಹುಟ್ಟಿದ್ದು; ಕುಳಿತ ಜಾಗದಿಂದ ಏಳದೆ ಎಲ್ಲ ಉಪಕರಣವೂ ಕೈಗೆ ಬರಬೇಕೆಂಬುದು ಅದರ ನಿಯಮ. ಪುಡಿಬಣ್ಣ ಅರೆಯುವುದಕ್ಕೆ ಕಲ್ಲು ಗುಂಡು, ಬಣ್ಣ ಕಲಸುವುದಕ್ಕೆ ಚಿಪ್ಪು, ಬಟ್ಟಲುಗಳಿದ್ದರೆ ಚಿತ್ರಗಾರನ ಸಂಸಾರ ಪೂರ್ಣವಾಯಿತು.

ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ, ಉಬ್ಬುಗೆಲಸ ಮತ್ತು ಚಿನ್ನದ ರೇಕುಗಳಿಗೆ ಹೆಸರಾದ ಚಿತ್ರಪರಂಪರೆ ಇಂಥ ನೆಲಗೆಲಸದ್ದೇ. ಇನ್ನೊಂದು ಕಡೆ, ಇಂದಿನ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಪೀಠೋಪಕರಣವನ್ನೇ ಚಿತ್ರವಾಗಿಸಿದರು: ಹಗುರ ಮರದ ತೊಟ್ಟಿಲು, ಮಣೆ, ಪಲ್ಲಕ್ಕಿ, ಗೊಂಬೆಗಳಿಗೆ ಹುಣಿಸೆ ಬೀಜದ ಅಂಟಿನ ಲೇಪ ಕೊಟ್ಟು, ಮೇಲೆ ಬಣ್ಣ ಬಳಿದು, ಲಾಜವಾರ ಎಂಬ ಲೋಹದ ಹೊಳಪನ್ನು ಏರಿಸುವುದು ಅವರ ಕಸುಬು. ಹಳೆಯ ಬಣ್ಣದ ತೊಟ್ಟಿಲನ್ನು ಸ್ಟುಡಿಯೊದ ಮೂಲೆಯಲ್ಲಿಟ್ಟು ಸುರುಳಿ ಕಾಗದ ತುಂಬುವವರು ಅದರ ಮೈಗೆ ಸ್ಯಾಂಡ್‌ಪೇಪರ್ ಹಾಕುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಕುಳಿತುಕೊಳ್ಳುವ ಭಂಗಿಯನ್ನೇ ಬದಲಿಸಿದ್ದು ರೈಲು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ಕಲಬುರಗಿಯನ್ನು ದಾಟಿ ರಾಯಚೂರು ಮುಟ್ಟಿತು. ನಿಜಾಮರ ಹೈದರಾಬಾದ್ ಸಂಸ್ಥಾನದ ಆಡಳಿತ ಕಚೇರಿಗಳು, ಬಟ್ಟೆ ಗಿರಣಿ, ವಕೀಲರ ಮನೆಗಳು ಊರಿನಲ್ಲಿ ಬೆಳೆಯುತ್ತ ಹೋದಂತೆ ಸಾಗವಾನಿಯ, ಎಂದರೆ ತೇಗದ, ಮೇಜು, ಬೆತ್ತ ಹೆಣೆದ ಕುರ್ಚಿ, ಗಾಜಿನ ಬಾಗಿಲಿನ ಅಲಮಾರಿ, ನಿಲುವುಗನ್ನಡಿಗಳು ಒಳಬಂದವು. ಆವಿಯಲ್ಲಿ ಮರ ಬಗ್ಗಿಸಿ ಕುರ್ಚಿ ಮಾಡುವ ವಿದ್ಯೆಯನ್ನು ಕಾರ್ಖಾನೆಯ ಮಟ್ಟಕ್ಕೆ ತಂದವರು ವಿಯೆನ್ನಾದ ಥೋನೆಟ್ ಮನೆತನದವರು; 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿಯನ್ನು ಬಿಡಿಭಾಗಗಳಾಗಿ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36ರಂತೆ ತುಂಬಿ ಹಡಗು ರೈಲುಗಳಲ್ಲಿ ಸಾಗಿಸಬಹುದಾಗಿತ್ತು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ನೆಲೆನಿಂತ ಈ ಮಾದರಿಯ ಕುರ್ಚಿಯೇ ಇಂದು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚು ಬೇಡಿಕೆಯದು. ಅದೇ ರೈಲುಮಾರ್ಗದಲ್ಲಿ, ಲೋಣಾವಳದ ಹತ್ತಿರದ ಮಳವಳಿಯಲ್ಲಿ, ಚಿತ್ರಕಾರ ರವಿವರ್ಮನ ಮುದ್ರಣಾಲಯವಿತ್ತು. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮುಂದೆ ಮಳವಳಿಗೆ ಹೋದ ಆ ಮುದ್ರಣಾಲಯದ ಲಕ್ಷ್ಮಿ ಸರಸ್ವತಿಯರು ದೇಶದ ಮನೆಮನೆಯ ಗೋಡೆ ಸೇರಿದ ಮೇಲೆ, ಎಣ್ಣೆಬಣ್ಣದಲ್ಲಿ, ನಿಂತುಕೊಂಡು, ಈಸಲ್ ಎಂಬ ಮೂರುಗಾಲಿನ ಚೌಕಟ್ಟಿಗೆ ಒರಗಿಸಿದ ಬಟ್ಟೆಯ ಮೇಲೆ ಬರೆಯುವುದೇ ದೊಡ್ಡ ಚಿತ್ರಕಲೆ ಎಂಬ ಭಾವನೆ ಬೇರೂರಿತು.

ಈ ಎರಡು ಭಂಗಿಗಳೂ, ನೆಲದ್ದೂ ನಿಲುವಿನದೂ, ಒಂದೇ ಬಾಳಿನಲ್ಲಿ ಕೂಡಿದ್ದು ಎಸ್.ಎಂ. ಪಂಡಿತರಲ್ಲಿ. 1916ರಲ್ಲಿ ಕಲಬುರಗಿಯ ಲೋಹಗೆಲಸದ ಮನೆತನದಲ್ಲಿ ಹುಟ್ಟಿದ ಅವರು ಊರಿನಲ್ಲಿಯೇ ಶಂಕರರಾವ್ ಆಳಂದಕರರ ಬಳಿ ಮೊದಲ ಪಾಠ ಪಡೆದು, ಮುಂಬಯಿಗೆ ಹೋಗಿ ಕನ್ನಡಿಗರೇ ಆದ ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ.ಜೆ. ಕಲಾಶಾಲೆಯಲ್ಲಿಯೂ ಕಲಿತರು. ಮೆಟ್ರೊ ಗೋಲ್ಡ್ವಿನ್ ಮೇಯರ್ ಕಂಪನಿಯ ಚಲನಚಿತ್ರಗಳಿಗೆ ಅವರು ಬರೆದ ಶೋಕಾರ್ಡುಗಳು, ಎಂದರೆ ಚಿತ್ರಮಂದಿರದ ಮೊಗಸಾಲೆಯಲ್ಲಿ ತೂಗುಹಾಕುವ ಜಾಹೀರಾತು ಫಲಕಗಳು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳು, 1949ರ ‘ಬರಸಾತ್’ ಚಿತ್ರದ ಭಿತ್ತಿಪತ್ರ ಅವರಿಗೆ ಹೆಸರು ತಂದವು; ಮುಂದೆ ಪುರಾಣದ ಕ್ಯಾಲೆಂಡರ್ ಚಿತ್ರಗಳು ಅವರನ್ನು ಮನೆಮಾತಾಗಿಸಿದವು. ಶೋಕಾರ್ಡಿಗೆ ಒಗ್ಗುವುದು ಗ್ವಾಶ್, ಎಂದರೆ ಬಿಳಿ ಸೇರಿಸಿ ಮಂದವಾಗಿಸಿದ ನೀರುಬಣ್ಣ. ಅದು ಬೇಗ ಒಣಗುವುದರಿಂದ, ನೆಟ್ಟಗೆ ನಿಲ್ಲಿಸಿದರೆ ಹರಿಯುವುದರಿಂದ, ಓರೆ ಹಲಗೆಯ ಮುಂದೆ ಕುಳಿತು ಸರಸರನೆ ಮುಗಿಸಬೇಕಾಗುತ್ತದೆ. ಎಣ್ಣೆಬಣ್ಣದ ದೊಡ್ಡ ಪಟಕ್ಕಾದರೆ ಈಸಲ್ ಬೇಕು, ಹಿಂದೆ ಸರಿದು ನೋಡುವುದಕ್ಕೆ ಜಾಗ ಬೇಕು, ದಿನಗಟ್ಟಲೆ ಒಣಗಲು ಧೂಳಿಲ್ಲದ ಮೂಲೆ ಬೇಕು. ಶೋಕಾರ್ಡು, ಕ್ಯಾಲೆಂಡರ್ ಚಿತ್ರಗಳನ್ನು ಜಾಹೀರಾತಿನ ಕಲೆಯೆಂದು ಕೆಳಗಿಟ್ಟ ವಿಮರ್ಶೆಯು, ಕಾಲಾವಧಿಗೆ ಕಟ್ಟುಬಿದ್ದ ಆ ಕೆಲಸ ಕೋಣೆಯ ವ್ಯವಸ್ಥೆಗೆ ಎಂಥ ಶಿಸ್ತು ತಂದಿತೆಂಬುದನ್ನು ಗಮನಿಸಲಿಲ್ಲ. ಬಾಳಿನ ಕೊನೆಯ ಭಾಗವನ್ನು ಹುಟ್ಟೂರಿನಲ್ಲಿ ಕಳೆದ ಪಂಡಿತರು 1993ರಲ್ಲಿ ತೀರಿಕೊಂಡರು. ನಗರದ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ.

ಈ ಚರಿತ್ರೆಯಲ್ಲಿ ಇದೇ ಸೀಮೆಯ ಕಮಲಾಪುರದ ಪಾತ್ರ ಬೇರೆ ಬಗೆಯದು. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು ಮುಂದಿನ ಶತಮಾನದಲ್ಲಿ ಅಹಮದ್ ಶಹಾನ ಕಾಲಕ್ಕೆ ಬೀದರಿಗೆ ಹೋದರು, ಈ ಎರಡು ರಾಜಧಾನಿಗಳ ನಡುವಿನ ದಾರಿಯಲ್ಲಿದೆ ಕಮಲಾಪುರ. ಬೀದರಿನ ಅಷ್ಟೂರಿನಲ್ಲಿ ಆ ಸುಲ್ತಾನನ ಗುಮ್ಮಟದ ಒಳಮೈಗೆ ಬರೆದ ವರ್ಣಚಿತ್ರಗಳಂತೆಯೇ, ಸತು ಮತ್ತು ತಾಮ್ರದ ಮಿಶ್ರಲೋಹದ ಮೈಯಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕೆಲಸವೂ ಈ ದಾರಿಯ ಒಂದು ತುದಿಯ ಸಂಪತ್ತು. ಬಿದರಿಯ ಪಾನದಾನ, ಹುಕ್ಕಾದ ಬುಡ, ಹೂಜಿಗಳು ಇಂದು ಕಲಾವಿದರ ಮೇಜಿನ ಮೇಲೆ ಕುಂಚ ನಿಲ್ಲಿಸುವ ಪಾತ್ರೆಗಳಾಗಿವೆ. ನೀರು ಟರ್ಪಂಟೈನ್ ತಗುಲಿದರೆ ಅವುಗಳ ಕಪ್ಪು ಕಳೆಗುಂದುವುದರಿಂದ ಒಣಗಿದ ಕುಂಚಕ್ಕೆ ಮಾತ್ರ ಅವು ಸರಿ. ಕಲಬುರಗಿಯ ಕರಿಮಣ್ಣಿನ ಬಯಲು ಮುಗಿದು ಕಮಲಾಪುರದ ಸುತ್ತ ಕೆಂಪುಮಣ್ಣು ಕಾಣಿಸಿಕೊಳ್ಳುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಲ್ಲಿನ ಕೆಂಪು ಬಾಳೆ ಆ ಮಣ್ಣಿನದೇ ಬೆಳೆ. ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ಮನೆಯ ಗೋಡೆಗೆ ಆನಿಸಿ ನಿಲ್ಲಿಸಿದ ಭಾರದ ಅಲಮಾರಿ ಓರೆಯಾಗುವುದುಂಟು. ಕೆಂಪುಮಣ್ಣಿನ ಮನೆಗೆ ಆ ಕಾಟ ಕಡಿಮೆ. ತಾಲೂಕು ಕೇಂದ್ರವಾದ, 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ–ಕಲಬುರಗಿ ರೈಲುಮಾರ್ಗದ ನಿಲ್ದಾಣವೂ ಆದ ಈ ಊರಿನಲ್ಲಿ ಹಳೆಯ ಮನೆಗಳ ಜಾಗಕ್ಕೆ ಕಾಂಕ್ರೀಟು ಬೇಗಬೇಗನೆ ಬರುತ್ತಿದೆ.

ಹಳೆಯ ಸಾಮಾನು ಕೈಬದಲಾದ ಕಾಲವನ್ನು ಗುರುತಿಸುವುದು ಕಷ್ಟವಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, ಮರುವರ್ಷ ಜಹಗೀರುಗಳು ರದ್ದಾದವು; ಆದಾಯ ಕಳೆದುಕೊಂಡ ಮನೆತನಗಳಲ್ಲಿ ಸಾಮಾನಿನ ಮಾರಾಟ, ಕೂಡುಕುಟುಂಬಗಳಲ್ಲಿ ಹಿಸ್ಸೆ ಆರಂಭವಾದವು. ಅದೇ ಹೊತ್ತಿಗೆ ಗೋದ್ರೇಜ್ ಕಂಪನಿ 1923ರಿಂದ ಮಾಡುತ್ತಿದ್ದ ಉಕ್ಕಿನ ಕಪಾಟು ಮಧ್ಯಮವರ್ಗದ ಮನೆಗಳಿಗೆ ಬಂದಿತು, ಮರದ ಸಂದೂಕ ಅಟ್ಟ ಸೇರಿತು. ಕಲಬುರಗಿಯಲ್ಲಿ ಚಿತ್ರಕಲಾ ಶಾಲೆಗಳು ನೆಲೆಗೊಂಡ ಮೇಲೆ ಅಟ್ಟದ ಆ ಸಾಮಾನಿಗೆ ಮತ್ತೆ ಕೆಲಸ ಸಿಕ್ಕಿತು. ಆ ಶಾಲೆಗಳಲ್ಲಿ ಡಾಂಕಿ ಎಂದು ಕರೆಯುವ ತಗ್ಗಿನ ಬೆಂಚಿಗೆ, ಎಂದರೆ ವಿದ್ಯಾರ್ಥಿ ಕುದುರೆಯೇರಿದಂತೆ ಕುಳಿತು ಮುಂದಿನ ಕಂಬಿಗೆ ಹಲಗೆ ಒರಗಿಸಿಕೊಳ್ಳುವ ಸಾಧನಕ್ಕೆ, ಮನೆಯಲ್ಲಿ ಪರ್ಯಾಯವಾಗಿ ಮುನೀಮನ ಪೆಟ್ಟಿಗೆಯಷ್ಟು ಹೊಂದುವುದು ಬೇರೊಂದಿಲ್ಲ.

ಆದರೆ ಇಂದು ಸ್ಟುಡಿಯೊ ಸಜ್ಜುಗೊಳಿಸುವಾಗ ಸಾಮಾನಿನ ವಯಸ್ಸಿಗೆ ಸಿಗುವ ಬೆಲೆ ಅದರ ಎತ್ತರಕ್ಕೆ, ಆಳಕ್ಕೆ, ಬೀಗಕ್ಕೆ ಸಿಗುತ್ತಿಲ್ಲ. ಕೂಡುವ ಗಾದಿಯನ್ನು ಬಿಟ್ಟು ಪೆಟ್ಟಿಗೆಯನ್ನು ಮಾತ್ರ ತಂದು, ಅದಕ್ಕೆ ಉದ್ದನೆಯ ಕಾಲು ಹಚ್ಚಿ ಮೇಜು ಮಾಡಿದರೆ ಓರೆ ಮುಚ್ಚಳದ ಲೆಕ್ಕವೇ ತಪ್ಪುತ್ತದೆ. ಮಾಡವನ್ನು ಮುಚ್ಚಿ ಅದರ ಮುಂದೆ ಅಂಗಡಿಯ ಕಪಾಟು ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅವಿವೇಕ. ವಾಡೆಯೊಂದು ಬೀಳುವ ಮೊದಲು ಅದರ ಪಡಸಾಲೆಯ ಅಂಕಣ, ಮಾಡಗಳ ಅಳತೆ, ಪೆಟ್ಟಿಗೆ ಮೇಜುಗಳು ನಿಂತಿದ್ದ ಜಾಗ, ಅವು ಯಾವ ಕಸುಬಿಗೆ ಬಳಕೆಯಾಗಿದ್ದವೆಂಬ ವಿವರಗಳನ್ನು ನಕ್ಷೆ ಮತ್ತು ಛಾಯಾಚಿತ್ರಗಳಲ್ಲಿ ದಾಖಲಿಸುವ ಕೆಲಸವನ್ನು ಕಲಬುರಗಿಯ ಚಿತ್ರಕಲಾ ವಿದ್ಯಾರ್ಥಿಗಳು ಕಮಲಾಪುರದಿಂದಲೇ ಆರಂಭಿಸಬೇಕು, ಮತ್ತು ಹಳೆಯ ಸಾಮಾನು ಕೊಳ್ಳುವ ಪ್ರತಿಯೊಬ್ಬರೂ ಅದು ಬಂದ ಊರು, ಮಾಡಿದ ಕೆಲಸಗಳನ್ನು ಕೇಳಿ ತಿಳಿದು, ಒಂದು ಚೀಟಿಯಲ್ಲಿ ಬರೆದು ಅದರ ಒಳಗೇ ಅಂಟಿಸಬೇಕು.