ಅಡಿಕೆ ತೋಟದ ಬ್ಯಾಟರಿ ಗಾಡಿ: ತಂತಿರಹಿತ ಚಾರ್ಜಿಂಗ್ ಅಗತ್ಯವೇ?

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಗೊನೆ, ಗೊಬ್ಬರ ಸಾಗಿಸಲು ಬ್ಯಾಟರಿ ಚಾಲಿತ ಗಾಡಿ ಕೊಳ್ಳುವ ರೈತರು ಚಾರ್ಜಿಂಗ್ ವ್ಯವಸ್ಥೆಯನ್ನು ಮೊದಲು ಪರಿಶೀಲಿಸಬೇಕು. ಕಾರ್ಖಾನೆಗಳ ಸಾಗಣೆ ವಾಹನಗಳಿಗೆ ಬಳಸುವ ತಂತಿರಹಿತ ವಿಧಾನದಲ್ಲಿ, ನೆಲದ ಸುರುಳಿಯಲ್ಲಿ ಉಂಟಾಗುವ ಕಾಂತಕ್ಷೇತ್ರವು ವಾಹನದ ತಳದ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ತೆರೆದ ಲೋಹದ ತುದಿಗಳಿಲ್ಲದ ಕಾರಣ ತೇವ, ಕೆಸರಿನ ಬಾಧೆ ಕಡಿಮೆ. ಆದರೆ ಸುರುಳಿಗಳ ಅಂತರ ಹೆಚ್ಚಿದಷ್ಟೂ, ಗಾಡಿ ಪಕ್ಕಕ್ಕೆ ಸರಿದಷ್ಟೂ ವಿದ್ಯುತ್ ವರ್ಗಾವಣೆ ಕುಗ್ಗುತ್ತದೆ, ಉಪಕರಣವೂ ದುಬಾರಿ. ಬಿಡುವಿಲ್ಲದೆ ಓಡುವ ಕಾರ್ಖಾನೆ ವಾಹನಕ್ಕೆ ಅದು ಯೋಗ್ಯ. ರಾತ್ರಿಯಿಡೀ ನಿಂತಿರುವ ತೋಟದ ಗಾಡಿಗೆ ತಂತಿಯ ಚಾರ್ಜರೇ ಸಾಕು.

ಮಲೆನಾಡಿನ ಮಳೆಗಾಲದಲ್ಲಿ ನಿಜವಾದ ಅಪಾಯವಿರುವುದು ಒದ್ದೆ ನೆಲದ ಮೇಲಿನ ವಿದ್ಯುತ್ ಆಘಾತದಲ್ಲಿ. ಪ್ಲಗ್ ಪಾಯಿಂಟನ್ನು ಮಳೆಯ ಎರಚಲು ತಾಗದ ಗೋಡೆಯಲ್ಲಿ, ನೆಲದಿಂದ ಎತ್ತರದಲ್ಲಿ ಅಳವಡಿಸಬೇಕು. ಸರಿಯಾದ ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯವೆಂದೇ ತಿಳಿಯಿರಿ. ದನದ ಕೊಟ್ಟಿಗೆಯಲ್ಲಿ ಚಾರ್ಜ್ ಮಾಡುವುದು ಬೇಡ. ಜಾನುವಾರುಗಳು ಅಲ್ಪ ಸೋರಿಕೆಗೂ ತುತ್ತಾಗುತ್ತವೆ. ಕೊಳೆರೋಗ ನಿಯಂತ್ರಣಕ್ಕೆ ಬೋರ್ಡೋ ದ್ರಾವಣ ಸಾಗಿಸಿದ ದಿನ ಗಾಡಿಯನ್ನು ಒರೆಸಿ, ಸಾಕೆಟ್ ಒಣಗಿದ ನಂತರವೇ ಪ್ಲಗ್ ಜೋಡಿಸಬೇಕು. ಮೈಲುತುತ್ತಿನ ಅಂಶ ಕಬ್ಬಿಣವನ್ನು ತಿನ್ನುತ್ತದೆ. ಲೆಡ್-ಆಸಿಡ್ ಬ್ಯಾಟರಿಯಾದರೆ ಗಾಳಿಯಾಡುವ ಸ್ಥಳವಿರಲಿ. ಗಾಡಿ ಬಳಸದ ಅವಧಿಯಲ್ಲಿಯೂ ಅದನ್ನು ತಿಂಗಳಿಗೊಮ್ಮೆ ಪೂರ್ಣ ಚಾರ್ಜ್ ಮಾಡತಕ್ಕದ್ದು.